ಬೀರು ಬರುವ ತನಕದ ಸಂಗೀತ

ಪರದೆ ಎತ್ತುವ ಮುನ್ನ ಹಿಂದುಗಡೆ ಒಮ್ಮೆ ಇಣುಕಿ ನೋಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಈ ಪ್ರಶ್ನೆಯನ್ನು ಮೇಸ್ತ್ರಿ ಇವತ್ತಿಗೂ ಕೇಳುತ್ತಾನೆ. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡು ಕೂತಾಗಲೂ ಕೇಳುತ್ತಾನೆ. ಕತ್ತಿ ಹಿಡಿದವನು "ಅಲ್ಲಾಡಬೇಡಿ, ಕಿವಿ ಹೋದೀತು" ಅಂದರೂ ಬಿಡುವುದಿಲ್ಲ. ಅಲ್ಲಿ ಕೂತವರಿಗೆಲ್ಲ ಈ ಕಥೆ ಬಾಯಿಪಾಠ. ಆದರೂ ಇದೇ ಮೊದಲು ಕೇಳುತ್ತಿರುವವರ ಹಾಗೆ ಮುಖ ಮಾಡಿಕೊಂಡು ಕೂರುತ್ತಾರೆ. ಮಧ್ಯದಲ್ಲಿ ಎದ್ದು ಹೋದರೆ ಅವರ ಮೇಲೆ ಹೊಸದೊಂದು ಸಿಟ್ಟು ಶುರುವಾಗುತ್ತದೆ, ಅದಕ್ಕಿಂತ ಹಳೆಯದೇ ವಾಸಿ.

ಅವನು ರಂಗಮಂದಿರದ ಸೀನು ಮೇಸ್ತ್ರಿ. ಅಂದರೆ ನಾಟಕದ ಒಂದು ಅಂಕ ಮುಗಿದು ಪರದೆ ಬಿದ್ದ ಕೂಡಲೇ ಬೀದಿಯನ್ನು ಎತ್ತಿ ಆಚೆ ಇಟ್ಟು, ಅದೇ ಜಾಗದಲ್ಲಿ ಮನೆ ನಿಲ್ಲಿಸುವವನು. ಶಾಲೆಯ ಮೆಟ್ಟಿಲು ಹತ್ತಿದ್ದೇ ತಡವಾಗಿ, ಇಳಿದದ್ದು ಬೇಗ. ಉಳಿದದ್ದೆಲ್ಲ ಕಲಿತದ್ದು ಹಗ್ಗ, ಹಲಗೆ, ಸುತ್ತಿಗೆಗಳ ಹತ್ತಿರ, ಮತ್ತೆ ಅವುಗಳನ್ನು ಬೈದುಕೊಂಡು. ಕೈಕೆಳಗೆ ನಾಲ್ಕಾರು ಆಳುಗಳು; ಅವರಲ್ಲೊಬ್ಬ ಹೆಂಡತಿಯ ತಮ್ಮ. ಹೆಂಡತಿಯೂ ಅದೇ ರಂಗಮಂದಿರದಲ್ಲಿ ವೇಷದ ಬಟ್ಟೆ ಹೊಲಿಯುವವಳು. ಹೀಗಾಗಿ ಮನೆಯ ಜಗಳ ಕೆಲಸಕ್ಕೂ ಕೆಲಸದ ಜಗಳ ಮನೆಗೂ ಯಾವ ಅಡೆತಡೆಯಿಲ್ಲದೆ ಓಡಾಡಿಕೊಂಡಿರುತ್ತಿತ್ತು.

ಆ ರಂಗಮಂದಿರಕ್ಕೆ ಒಂದು ಹಳೆಯ ಪದ್ಧತಿ ಇದೆ. ಪರದೆಯ ಹಗ್ಗ ಎಳೆಯುವವನು ಕೂರುವುದು ಪಕ್ಕದ ಗೋಡೆಯೊಳಗಿನ ಒಂದು ಗೂಡಿನಲ್ಲಿ. ಅಲ್ಲಿಂದ ಅವನಿಗೆ ವೇದಿಕೆ ಕಾಣುವುದಿಲ್ಲ. ಕಾಣುವುದು ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂತ ವಾದ್ಯದವರು ಮಾತ್ರ. ಸೀನು ಬದಲಾಗುವಷ್ಟು ಹೊತ್ತು ಅವರು ಒಂದು ಪುಟ್ಟ ಸಂಗೀತ ನುಡಿಸುತ್ತಾರೆ. ಅದರ ಕೊನೆಯ ಪೆಟ್ಟು ಬಿದ್ದಿತೋ, ಹಗ್ಗ ಎಳೆಯಬೇಕು. ಹಿಂದುಗಡೆ ಬೆಂಕಿ ಬಿದ್ದಿದ್ದರೂ ಎಳೆಯಬೇಕು. ಪರದೆಯವನು ತನ್ನ ಅಪ್ಪನಿಂದ ಕಲಿತ ವಿದ್ಯೆ ಇದೊಂದೇ, ಅದಕ್ಕೇ ಅದನ್ನು ಬಲು ನಿಷ್ಠೆಯಿಂದ ಪಾಲಿಸುತ್ತಿದ್ದ.

ಮುಂಚೆ ವಾದ್ಯಮೇಳ ನಡೆಸುತ್ತಿದ್ದ ಮೇಷ್ಟ್ರು ಯಾವ ನಾಟಕವಾದರೂ ಒಂದೇ ಸಂಗೀತ ನುಡಿಸುತ್ತಿದ್ದರು. ನಿಧಾನದ್ದು, ತಗ್ಗು ಶ್ರುತಿಯದ್ದು, ಉಂಡ ಮೇಲೆ ಕಣ್ಣು ಎಳೆಯುವಂಥದ್ದು. ಮೇಸ್ತ್ರಿಗೆ ಸ್ವರ ತಿಳಿಯದು, ತಾಳ ತಿಳಿಯದು. ಅವನು ಆ ಸಂಗೀತವನ್ನು ಸಾಮಾನಿನ ಲೆಕ್ಕದಲ್ಲಿ ತಿಳಿದುಕೊಂಡಿದ್ದ. ನಿಂತು ನುಡಿಸುವ ದೊಡ್ಡ ಪಿಟೀಲುಗಳು ನರಳಿದರೆ ಬೀರು. ಸಣ್ಣ ಪಿಟೀಲುಗಳು ಎದ್ದರೆ ಮಂಚ. ಕಹಳೆ ಕೆಮ್ಮಿದರೆ ಮೇಜು, ಕೊಳಲು ಬಂದರೆ ಅದರ ಮೇಲಿನ ದೀಪ. ನಗಾರಿ ಗುಡುಗಿತೆಂದರೆ ಎಲ್ಲರೂ ಜಾಗ ಖಾಲಿ ಮಾಡಬೇಕು. ಆಳುಗಳೂ ಹಾಗೆಯೇ ಕಲಿತಿದ್ದರು. ಕತ್ತಲಲ್ಲಿ, ಬರಿಗಾಲಲ್ಲಿ, ಒಂದು ಮಾತಿಲ್ಲದೆ ಬೀದಿ ಹೋಗಿ ಮನೆ ಬಂದುಬಿಡುತ್ತಿತ್ತು. ಮೇಸ್ತ್ರಿ ಬಾಯಿ ಮುಚ್ಚಿಕೊಂಡಿರುತ್ತಿದ್ದ ಹೊತ್ತು ದಿನಕ್ಕೆ ಅದೊಂದೇ ಎಂದು ಹೆಂಡತಿ ಹೇಳುವುದುಂಟು.

ಮೇಷ್ಟ್ರಿಗೆ ವಯಸ್ಸಾಯಿತು, ಮಗಳ ಮನೆ ಸೇರಿಕೊಂಡರು. ಅವರ ಜಾಗಕ್ಕೆ ಬಂದದ್ದು ಒಬ್ಬ ಹೆಣ್ಣುಮಗಳು. ಕುಳ್ಳನೆಯ ಆಳು, ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಜಾಸ್ತಿ. ವಾದ್ಯ ನಡೆಸುವ ಕಡ್ಡಿಯನ್ನು ಕೆಲಸವಿಲ್ಲದಾಗ ತುರುಬಿಗೆ ಸಿಕ್ಕಿಸಿಕೊಂಡು ಓಡಾಡುವಳು. ಮೇಸ್ತ್ರಿ ಮೊದಲ ದಿನವೇ ಕಡ್ಡಿಯಮ್ಮ ಎಂದು ಹೆಸರಿಟ್ಟ. ಇಂಥ ಕೆಲಸದಲ್ಲಿ ಅವನ ಕೈ ಬಲು ಚುರುಕು.

ಆಗ ಹೊಸ ನಾಟಕವೊಂದು ತಯಾರಾಗುತ್ತಿತ್ತು. ಮೊದಲ ಅಂಕ ಬೀದಿಯಲ್ಲಿ: ದೀಪದ ಕಂಬ, ಬೆಂಚು, ಚಪ್ಪಲಿ ಅಂಗಡಿಯ ಬೋರ್ಡು. ಎರಡನೆಯದು ಮನೆಯ ಕೋಣೆಯಲ್ಲಿ: ಅಂಗಡಿಯ ಯಜಮಾನ ಕಾಯಿಲೆ ಬಿದ್ದು ಮಂಚ ಹಿಡಿದಿದ್ದಾನೆ. ಅವನು ಉಳಿಯುತ್ತಾನೋ ಹೋಗುತ್ತಾನೋ ಎನ್ನುವುದೇ ನಾಟಕದ ಗಂಟು, ಅದು ಬಿಚ್ಚುವುದು ಕಟ್ಟಕಡೆಗೆ. ಇದಕ್ಕೆಂದು ಕಡ್ಡಿಯಮ್ಮ ಹೊಸ ಸಂಗೀತವನ್ನೇ ಕಟ್ಟಿದಳು. ಎತ್ತರದ ಶ್ರುತಿ, ಓಟದ ಗತಿ, ಮದುವೆಮನೆಯ ಗೆಲುವು. ಮೊದಲು ಕೊಳಲು, ಆಮೇಲೆ ಸಣ್ಣ ಪಿಟೀಲು, ದೊಡ್ಡ ಪಿಟೀಲುಗಳು ಕೊನೆಗೆ ಎಲ್ಲೋ. ತಾಲೀಮಿಗೆ ಬಂದು ಸೀನು ಕೂಡಿಸಿ ನೋಡಿ ಎಂದು ಮೇಸ್ತ್ರಿಗೆ ಹೇಳಿಕಳಿಸಿದಳು. "ಇಷ್ಟು ವರ್ಷ ಸೀನು ಎತ್ತಿದವನಿಗೆ ತಾಲೀಮಾ? ಹೋಗಿ ಅವಳಿಗೇ ಮಾಡ್ಸು" ಎಂದು ಮೇಸ್ತ್ರಿ ಬಂದವನನ್ನು ಅಟ್ಟಿಬಿಟ್ಟ. ಕ್ಷೌರದಂಗಡಿಯ ಕಥೆಯಲ್ಲಿ ಈ ಭಾಗ ಬರುವುದಿಲ್ಲ.

ಬರದೆ ಇರುವ ಇನ್ನೊಂದು ಭಾಗ ಅವನ ಬಲಮಂಡಿ. ಹಿಂದೊಮ್ಮೆ ಏಣಿಯಿಂದ ಜಾರಿದ್ದ. ಅಂದಿನಿಂದ ಆ ಮಂಡಿ ಅವನ ಜೊತೆ ಮುನಿಸಿಕೊಂಡಿತ್ತು. ಎಡಗಾಲು ಮುಂದೆ ಹೋದರೆ ಬಲಗಾಲು ಸ್ವಲ್ಪ ಯೋಚನೆ ಮಾಡಿ ಹಿಂದೆ ಬರುತ್ತಿತ್ತು. ಇದನ್ನು ಯಾರೂ ನೋಡಿಲ್ಲ ಎಂದು ಅವನು ನಂಬಿದ್ದ. ಎಲ್ಲರೂ ನೋಡಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಆ ಬೀರು. ಬೇರೆ ಕಡೆಯಾದರೆ ತೆಳುಹಲಗೆಯ ಬೀರು ಮಾಡಿ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಮೇಸ್ತ್ರಿ ಹಳೆಯ ಬಾಗಿಲುಗಳನ್ನು ಒಡೆದು ಗಟ್ಟಿ ಮರದ್ದೇ ಮಾಡಿದ್ದ. "ಬಾಗಿಲು ಬಡಿದ್ರೆ ಬೀರಿನ ಸದ್ದು ಬರ್ಬೇಕು, ಡಬ್ಬದ ಸದ್ದಲ್ಲ" ಎನ್ನುವುದು ಅವನ ವಾದ. ಗಾಲಿ ಹಾಕೋಣವೆಂದರೆ ಆ ವೇದಿಕೆ ಜನರ ಕಡೆಗೆ ಇಳಿಜಾರು. ಬಿಟ್ಟರೆ ಬೀರು ನೇರವಾಗಿ ನಗಾರಿಯವನ ತಲೆಯ ಮೇಲೆ ಹೋಗಿ ನಿಲ್ಲುತ್ತದೆ. ಹಾಗಾಗಿ ಪಟ್ಟಿ ಬಿಗಿದು ಬೆನ್ನಿನ ಮೇಲೆ ಹೊರಬೇಕು. ಹೊರುವವನು ಮೇಸ್ತ್ರಿಯೇ. ಬೇರೆಯವರು ಮುಟ್ಟುವ ಹಾಗಿಲ್ಲ.

ಮೊದಲ ಪ್ರದರ್ಶನದ ಸಂಜೆ ಬೀದಿಯ ಅಂಕ ಮುಗಿದು ಪರದೆ ಬಿತ್ತು. ಕೆಳಗೆ ಕೊಳಲು ಚಿಲಿಪಿಲಿ ಎಂದಿತು. ಕೊಳಲು ಅಂದರೆ ದೀಪ. ಹೆಂಡತಿಯ ತಮ್ಮ ದೀಪ ಎತ್ತಿಕೊಂಡು ಓಡಿಬಂದ; ಇಡಲು ಮೇಜು ಇರಲಿಲ್ಲ, ಹಿಡಿದುಕೊಂಡೇ ನಿಂತ. ಪಿಟೀಲು ಎದ್ದಿತೆಂದು ಮಂಚದವರು ಹೊರಟರು. ಬೀದಿಯ ಬೆಂಚು ಇನ್ನೂ ಅಲ್ಲೇ ಇತ್ತು, ಮಂಚ ಬೆಂಚಿಗೆ ಸಿಕ್ಕಿಕೊಂಡಿತು. ಮೇಸ್ತ್ರಿ ದೊಡ್ಡ ಪಿಟೀಲು ನರಳಲಿ ಎಂದು ಬೀರು ಹೊತ್ತು ಕಾದ. ಅದು ನರಳುವಷ್ಟರಲ್ಲಿ ಸಂಗೀತವೇ ಮುಗಿದುಹೋಯಿತು. ಪರದೆಯವನು ಅಪ್ಪನನ್ನು ನೆನೆದು ಹಗ್ಗ ಎಳೆದ.

ಜನ ಕಂಡದ್ದಿಷ್ಟು: ದೀಪದ ಕಂಬದ ಕೆಳಗೆ ಒಬ್ಬ ಮನುಷ್ಯ ಮೇಜಾಗಿ ನಿಂತಿದ್ದಾನೆ. ರೋಗಿಯ ಪಾತ್ರದವನು ದಿಕ್ಕು ತೋಚದೆ ವೇದಿಕೆಯ ಬರೀ ಹಲಗೆಯ ಮೇಲೆ ಮಲಗಿ ಕೆಮ್ಮುತ್ತಿದ್ದಾನೆ. ನಡುವೆ ಒಂದು ಬೀರಿಗೆ ಎರಡು ಕಾಲು ಮೂಡಿ ತೊಟ್ಟಿಕ್ಕುವ ಬೆವರಿನಲ್ಲಿ ನಿಂತಿದೆ. ಪರದೆ ಎದ್ದದ್ದು ಬೀರಿನ ಕೆಳಗೆ ಬಗ್ಗಿದ್ದ ಮೇಸ್ತ್ರಿಗೆ ತಿಳಿಯಲಿಲ್ಲ. ಅವನು ತನ್ನ ಎಂದಿನ ಗಂಟಲಿನಲ್ಲಿ ಕೂಗಿದ:

"ಆ ಕಡ್ಡಿಯಮ್ಮನಿಗೆ ಯಾರಾದ್ರೂ ಹೇಳ್ರೋ! ಇದು ಸಾಯೋನ ಮನೆ, ಸಂತೆ ಅಲ್ಲ!"

ಜನ ಬಿದ್ದು ಬಿದ್ದು ನಕ್ಕರು. ಕಟ್ಟಕಡೆಗೆ ಬಿಚ್ಚಬೇಕಾದ ಗಂಟನ್ನು ಮೇಸ್ತ್ರಿ ಒಂದೇ ಮಾತಿನಲ್ಲಿ ಬಿಚ್ಚಿ ಹರವಿಬಿಟ್ಟಿದ್ದ. ಆಮೇಲೆ ರೋಗಿ ಎಷ್ಟು ಕೆಮ್ಮಿದರೂ ಯಾರಿಗೂ ಕುತೂಹಲ ಉಳಿಯಲಿಲ್ಲ. ಹಿಂದಿನ ಸಾಲಿನಿಂದ ಯಾವನೋ "ಸಾಯ್ತಾನೆ ಬಿಡ್ರೀ, ಮೇಲಿನವರೇ ಹೇಳಿದಾರೆ" ಎಂದು ಸಮಾಧಾನ ಹೇಳಿದ.

ಮಾರನೆಯ ಬೆಳಿಗ್ಗೆ ರಂಗಮಂದಿರದ ಧಣಿ ಮೇಸ್ತ್ರಿಯನ್ನು ಕರೆಸಿದರು. ಧಣಿ ಕೂಗಾಡುವ ಮನುಷ್ಯರಲ್ಲ, ಅದೇ ಹೆದರಿಕೆ.

"ಏನಯ್ಯ ಮೇಸ್ತ್ರಿ, ನಿನ್ನೆ ಪಾತ್ರ ಚೆನ್ನಾಗಿ ಮಾಡ್ದೆಯಂತೆ."

"ಧಣಿ, ಅದು ಆ ಹೆಂಗಸು..."

"ಕೇಳು. ಇನ್ನೊಂದು ಸಲ ಹೀಗಾದ್ರೆ ಸೀನು ಬದಲಾಯಿಸೋದೇ ಬೇಡ. ಆ ಯಜಮಾನ ಬೀದೀಲೇ ಸಾಯ್ಲಿ, ನನಗೇನು. ನೀನು ಬಾಗಿಲ ಹತ್ರ ಕೋಣೇಲಿ ಕೂತು ಜನರ ಕೊಡೆ, ಕೋಟು ನೋಡ್ಕೊ. ಒಳ್ಳೆ ಕುರ್ಚಿ ಹಾಕಿಸ್ಕೊಡ್ತೀನಿ."

ಕೊಡೆ ಕೋಣೆ! ಅದರಲ್ಲೂ ಕುರ್ಚಿ ಹಾಕಿ! ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಸೀನು ಎತ್ತುವವನು ಇಲ್ಲದಿದ್ದರೆ ನಾಟಕವಿಲ್ಲ, ಕೊಡೆ ಕಾಯುವವನು ಇಲ್ಲದಿದ್ದರೆ ಮಳೆ ನಿಲ್ಲುತ್ತದೆಯೇ? ದಡದಡನೆ ವಾದ್ಯದವರ ತಗ್ಗಿಗೆ ಇಳಿದ. ಕಡ್ಡಿಯಮ್ಮ ಒಬ್ಬಳೇ ಕೂತು ಏನೋ ತಿದ್ದುತ್ತಿದ್ದಳು. ಮೂಲೆಯಲ್ಲಿ ದೊಡ್ಡ ಪಿಟೀಲಿನ ಅಜ್ಜ ತಂತಿ ಬಿಗಿಯುತ್ತಿದ್ದ. ಅವನು ಮೇಸ್ತ್ರಿಯ ಚಹಾದ ಜೊತೆಗಾರ.

"ನೋಡಮ್ಮ, ನಾನು ಬಾಯಿ ಬಿಟ್ಟು ಮಾತಾಡೋನು. ಮನೇಲಿ ರೋಗಿ ನರಳ್ತಿದ್ರೆ ಅಂಗಳದಲ್ಲಿ ವಾಲಗ ಊದಿಸ್ತೀರಲ್ಲ, ಇದ್ಯಾವ ಸಂಗೀತ?"

"ಕೂತ್ಕೊಳ್ಳಿ ಮೇಸ್ತ್ರಿಗಳೇ."

"ನಾನು ಕೂರೋ ಪೈಕಿ ಅಲ್ಲ."

"ರೋಗಿ ಇದಾನೆ ಅಂತ ಜನಕ್ಕೆ ಇನ್ನೂ ಗೊತ್ತಿರಲ್ಲ. ಬೀದಿ ನೋಡಿ ಖುಷಿಯಾಗಿರ್ತಾರೆ. ಆ ಖುಷಿ ಹಾಗೇ ಇರ್ಬೇಕು. ನಗ್ತಾ ನಗ್ತಾ ಪರದೆ ಎದ್ದಾಗ ಮಂಚ ಕಂಡು ಬಾಯಿ ಕಟ್ಟಬೇಕು. ಅದಕ್ಕೇ ಆ ಗತಿ, ಆ ಶ್ರುತಿ."

"ನಗ್ತಾನೇ ಇದ್ರು. ಪರದೆ ಎದ್ದಾಗ ನನ್ನ ನೋಡಿ ಇನ್ನೂ ನಕ್ರು. ಬಾಯಿ ಕಟ್ಟಿದ್ದು ನನ್ನದು."

"ನಿಮ್ಮದಾ? ಕಟ್ಟಿದ್ದ ಹಾಗೆ ಕೇಳಿಸ್ಲಿಲ್ಲ" ಎಂದ ಅಜ್ಜ ಮೂಲೆಯಿಂದ.

"ನೀವು ತಂತಿ ತಿರುಗಿಸಿ ಅಜ್ಜ!" ಎಂದು ಮೇಸ್ತ್ರಿ ಅತ್ತ ಗುಡುಗಿ ಇತ್ತ ತಿರುಗಿದ. "ನಿಧಾನಕ್ಕೆ ನುಡಿಸೋಕೆ ನಿಮಗೇನು ನೋವು?"

ಆಕೆ ತುರುಬಿನಿಂದ ಕಡ್ಡಿ ತೆಗೆದು ಅಂಗೈಯಲ್ಲಿ ಹೊರಳಿಸಿದಳು. "ನೋವಿಲ್ಲ. ಆದ್ರೆ ಓಡೋಕೆ ಅಂತ ಕಟ್ಟಿದ್ದನ್ನ ನಿಧಾನ ಮಾಡಿದ್ರೆ ಅದು ನಡೆಯಲ್ಲ, ಕುಂಟುತ್ತೆ."

"ಯಾರು? ಯಾರು ಕುಂಟೋದು?"

"ಸಂಗೀತ."

"ಹಾಂ. ಸಂಗೀತ ಅನ್ನಿ ಮತ್ತೆ."

ಆಕೆ ಅವನ ಮುಖ ನೋಡಿದಳು, ಬಳಿಕ ಕಾಲು ನೋಡಿದಳು. "ನಿಮ್ಮ ಕೆಲಸ ನಾನು ನೋಡಿಲ್ಲ, ನನ್ನದು ತಪ್ಪು. ಇವತ್ತು ಹಿಂದುಗಡೆ ನಿಂತು ನೋಡ್ಲಾ?"

"ಹಿಂದುಗಡೆ ಹೆಂಗಸರು ಬರೋ ಹಾಗಿಲ್ಲ."

ಮೇಲಿನಿಂದ, ಬಟ್ಟೆಯ ರಾಶಿ ಹೊತ್ತು ಹೋಗುತ್ತಿದ್ದ ಹೆಂಡತಿ ಬಗ್ಗಿ ನೋಡಿದಳು. "ಹಾಗಾದ್ರೆ ನಾನ್ಯಾರು ರೀ, ಅಲ್ಲಿ ಇಷ್ಟು ವರ್ಷದಿಂದ?"

ಮೇಸ್ತ್ರಿ ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದ. ಆಳುಗಳನ್ನು ಬೈಯುತ್ತ ವೇದಿಕೆಗೆ ಹತ್ತಿದ.

ಅಂದು ಮಧ್ಯಾಹ್ನ ವಾದ್ಯಗಳಿಲ್ಲದೆ ಒಂದು ಸಲ ಸೀನು ಬದಲಿಸಿ ತೋರಿಸಿದರು. ಕಡ್ಡಿಯಮ್ಮ ಪರದೆಯ ಮಗ್ಗುಲಲ್ಲಿ ಕೈಕಟ್ಟಿ ನಿಂತಳು. ಸಂಗೀತವಿಲ್ಲದೆ ಆಳುಗಳಿಗೆ ಹೆಜ್ಜೆ ಬರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೇಸ್ತ್ರಿಯೇ ಬೀರು ಹೊತ್ತು ಹಳೆಯ ಮೇಷ್ಟ್ರ ಸಂಗೀತವನ್ನು ಗಂಟಲಲ್ಲೇ ಗುನುಗಿದ. ಗುನುಗಿದ ಅನ್ನುವುದು ಮರ್ಯಾದೆಯ ಮಾತು. ದೂರದಲ್ಲಿ ಲಾರಿ ಏರು ಹತ್ತುವ ಸದ್ದು ಅದು. ಎಡಗಾಲು ಬಂತು, ಬಲಗಾಲು ಯೋಚಿಸಿ ಬಂತು. ಹಿಂದಿನಿಂದ ಹೆಂಡತಿಯ ತಮ್ಮ ಕೈ ಕೊಡಲು ಹೋದ. "ಭಾವ, ಸ್ವಲ್ಪ ನಾನು ಹಿಡೀತೀನಿ" ಎಂದ. "ಕೈ ತೆಗಿಯೋ! ದೀಪ ಹಿಡಿಯೋಕೇ ಬರಲ್ಲ, ಬೀರು ಹಿಡೀತಾನಂತೆ" ಎಂದು ಮೇಸ್ತ್ರಿ ಬೀರಿನ ಕೆಳಗಿನಿಂದಲೇ ಗದರಿದ. ಕಡ್ಡಿಯಮ್ಮ ಮೇಸ್ತ್ರಿಯ ಹೆಂಡತಿಯ ಕಡೆ ನೋಡಿದಳು. ಆಕೆ ಬಾಯಲ್ಲಿದ್ದ ದಾರ ಕಡಿಯುತ್ತ ಬೇರೆಲ್ಲೋ ನೋಡಿದಳು.

ಮುಂದಿನ ಪ್ರದರ್ಶನಕ್ಕೆ ಸಂಗೀತ ಬದಲಾಗಿತ್ತು. ಧಾಟಿ ಅದೇ, ಆದರೆ ಶ್ರುತಿ ಇಳಿದಿತ್ತು, ಗತಿ ಇಳಿದಿತ್ತು, ಗೆಲುವಿನ ಜಾಗದಲ್ಲಿ ಒಂದು ಥರದ ಮಂಕು. ಶುರುವಿನಲ್ಲೇ ದೊಡ್ಡ ಪಿಟೀಲುಗಳು: ಒಂದು ಉದ್ದನೆಯ ಸ್ವರ, ಅದರ ಹಿಂದೆ ತಡವಾಗಿ ಬಂದು ಸೇರಿಕೊಳ್ಳುವ ಇನ್ನೊಂದು ಗಿಡ್ಡನೆಯದು. ಉದ್ದ, ಗಿಡ್ಡ. ಉದ್ದ, ಗಿಡ್ಡ. ಯಾರೋ ಭಾರ ಹೊತ್ತು ಕತ್ತಲ ಮನೆಯೊಳಗೆ ಬರುತ್ತಿರುವ ಹಾಗೆ. ಬೀದಿಯ ನಗುವನ್ನು ಬಾಯಲ್ಲಿಟ್ಟುಕೊಂಡೇ ಕೂತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಕೊಳಲು ಬಂದಾಗ ದೀಪಕ್ಕೆ ಮೇಜು ಸಿಕ್ಕಿತ್ತು. ಪರದೆ ಎದ್ದಾಗ ಮಂಚ, ಬೀರು, ಮೇಜು ಎಲ್ಲವೂ ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ಇದ್ದವು. ಮುಂದಿನ ಸಾಲಿನ ಒಬ್ಬಾಕೆ ರೋಗಿ ಕೆಮ್ಮುವ ಮುಂಚೆಯೇ ಕಣ್ಣು ಒರೆಸಿಕೊಂಡಳು.

ಮನೆಗೆ ಬಂದ ಮೇಸ್ತ್ರಿಯ ಎದೆ ಬಾಗಿಲಲ್ಲಿ ಹಿಡಿಸುವ ಹಾಗಿರಲಿಲ್ಲ.

"ನೋಡಿದೆಯಾ? ಒಂದೇ ಗದರು. ಅಷ್ಟೇ ಸಾಕಾಯ್ತು."

"ಹೂಂ ರೀ. ನಿಮ್ಮ ಗಂಟಲು ಕೇಳಿ ಶ್ರುತಿನೇ ಹೆದರಿ ಇಳಿದುಬಿಡ್ತು."

"ಮತ್ತಿನ್ನೇನು! ಇಂಥವರಿಗೆ ಹೇಳೋ ಹಾಗೆ ಹೇಳ್ಬೇಕು."

"ಹೇಳಿ, ಹೇಳಿ. ಮಂಡಿಗೆ ಎಣ್ಣೆ ಹಚ್ಲಾ, ಇಲ್ಲಾ ಅದಕ್ಕೂ ಗದರ್ತೀರಾ?"

ನಾಟಕ ಊರೆಲ್ಲ ಹೆಸರಾಯಿತು. ಧಣಿ ಕುರ್ಚಿಯ ಮಾತು ಎತ್ತಲಿಲ್ಲ. ಮೇಸ್ತ್ರಿ ಚಹಾದಂಗಡಿಯಲ್ಲಿ ಕಡ್ಡಿಯಮ್ಮನನ್ನು ಹೊಗಳುವಷ್ಟು ಉದಾರಿಯಾದ. "ಹುಡುಗಿ ಪರವಾಗಿಲ್ಲ, ಹೇಳಿಕೊಟ್ರೆ ಕಲೀತಾಳೆ" ಎನ್ನುತ್ತಿದ್ದ. ದೊಡ್ಡ ಪಿಟೀಲಿನ ಅಜ್ಜ ಲೋಟದೊಳಗೆ ಮುಖ ಇಟ್ಟು ಕೆಮ್ಮುತ್ತಿದ್ದ.

ಒಂದು ದಿನ ಮೇಸ್ತ್ರಿ ವೇದಿಕೆಯ ಮೇಲಿನ ಅಟ್ಟದಲ್ಲಿ ಹಗ್ಗದ ಗಂಟು ಬಿಗಿಯುತ್ತ ಕೂತಿದ್ದ. ಕೆಳಗೆ ತಾಲೀಮು ನಡೆದಿತ್ತು. ದೊಡ್ಡ ಪಿಟೀಲಿಗೆ ಹೊಸಬನೊಬ್ಬ ಸೇರಿದ್ದ. ಅವನು ಸ್ವರಗಳನ್ನು ಸಮ ಸಮ ಎಳೆಯುತ್ತಿದ್ದ, ಇಟ್ಟಿಗೆ ಜೋಡಿಸಿದ ಹಾಗೆ.

"ಹಾಗಲ್ಲ" ಎಂದಳು ಕಡ್ಡಿಯಮ್ಮ. "ಮೊದಲನೆಯದು ಧೈರ್ಯವಾಗಿ ಬರಲಿ. ಎರಡನೆಯದು ಹಿಂದೆ ಎಳೀಬೇಕು. ಮೇಸ್ತ್ರಿಗಳು ನಡೆಯೋದು ನೋಡಿದೀರಲ್ಲ? ಅದೇ ಗತಿ."

"ತೋರಿಸ್ತೀನಿ ತಾಳು" ಎಂದು ಅಜ್ಜ ಎದ್ದ. ಬೆನ್ನು ಬಗ್ಗಿಸಿ, ದೊಡ್ಡ ಪಿಟೀಲನ್ನೇ ಬೀರಿನ ಹಾಗೆ ಬೆನ್ನಿಗೆ ಹಾಕಿಕೊಂಡು, ಎಡಗಾಲು ಇಟ್ಟು ಬಲಗಾಲು ಎಳೆಯುತ್ತ ಹೊರಟ. ವಾದ್ಯದವರು ಗೊಳ್ಳೆಂದರು.

"ನಗಬೇಡಿ" ಎಂದಳು ಆಕೆ, ತಾನು ನಗದೆ. "ಆ ನಡಿಗೆ ಇಲ್ಲದಿದ್ರೆ ಇದರಲ್ಲಿ ಏನೂ ಇಲ್ಲ. ಹಾಗೇ ನುಡಿಸಿ."

ಅಟ್ಟದಲ್ಲಿ ಮೇಸ್ತ್ರಿಯ ಕೈಯಲ್ಲಿದ್ದ ಗಂಟು ತಾನೇ ಬಿಚ್ಚಿಕೊಂಡಿತು. ಅಂದರೆ ಇಷ್ಟು ದಿನ ಊರ ಜನರೆಲ್ಲ ದುಡ್ಡು ಕೊಟ್ಟು ಬಂದು ಕತ್ತಲಲ್ಲಿ ಕೂತು ಕೇಳಿ ಕಣ್ಣೀರು ಹಾಕಿದ್ದು ಅವನ ಮಂಡಿಯನ್ನು! ಸದ್ದಿಲ್ಲದೆ ಏಣಿ ಇಳಿದು ನೇರ ಮನೆಗೆ ಹೋದ. ಹೆಂಡತಿ ಒಂದು ರಾಜನ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ನಿಜ ಹೇಳು. ನಾನು ಕುಂಟ್ತೀನಾ?"

"ಇಲ್ಲ ರೀ. ನೆಲವೇ ಒಂದು ಕಡೆ ತಗ್ಗು. ಮನೇಲೂ ತಗ್ಗು, ಬೀದೀಲೂ ತಗ್ಗು. ಪಾಪ, ನೀವೇನು ಮಾಡ್ತೀರಿ."

"ತಮಾಷೆ ಬೇಡ! ಎಲ್ಲರಿಗೂ ಗೊತ್ತಾ?"

"ಪರದೆಯವನಿಗೆ ಗೊತ್ತಿಲ್ಲ ಅನ್ಸುತ್ತೆ. ಅವನು ಆ ಕಡೆ ತಿರುಗಿ ಕೂತಿರ್ತಾನಲ್ಲ."

ಮೇಸ್ತ್ರಿ ಅಂದು ಊಟದ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದ. ಮುಂದಿನ ಪ್ರದರ್ಶನಕ್ಕೆ ನೆಟ್ಟಗೆ ನಡೆಯುವುದು. ಸಂಗೀತ ಕುಂಟಿಕೊಂಡಿರಲಿ, ತಾನು ಕುಂಟುವುದಿಲ್ಲ. ಯಾರು ಯಾರ ಹಿಂದೆ ಬರುತ್ತಾರೋ ನೋಡೇಬಿಡೋಣ.

ಆ ಸಂಜೆ ಧಣಿ ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರೊಬ್ಬರನ್ನು ಕೂರಿಸಿಕೊಂಡಿದ್ದರು. ಬೀದಿ ಹೋಯಿತು. ದೊಡ್ಡ ಪಿಟೀಲುಗಳು ನರಳಿದವು. ಮೇಸ್ತ್ರಿ ಬೀರು ಬಿಗಿದು, ಹಲ್ಲು ಕಚ್ಚಿ, ಎರಡು ಕಾಲನ್ನೂ ಒಂದೇ ಸಮನೆ ಎತ್ತಿಡುತ್ತ ಹೊರಟ. ನಡುವೆ ಬರುವವರೆಗೆ ಸೇನೆಯವನ ಹಾಗೆ ಬಂದ. ಅಲ್ಲಿ ಮಂಡಿ ಅವನ ಜೊತೆಗಿನ ಹಳೆಯ ಲೆಕ್ಕವನ್ನೆಲ್ಲ ಒಟ್ಟಿಗೆ ತೀರಿಸಿಕೊಂಡಿತು. ಕಾಲು ಕಚ್ಚಿಕೊಂಡಿತು, ಬೀರಿನ ಸಮೇತ ಒಂದು ಮಂಡಿಯೂರಿ ಕುಸಿದ. ಮೇಲೇಳಲೂ ಆಗದು, ಬೀರು ಇಳಿಸಲೂ ಆಗದು. ಮಂಚ ಬಂತು, ಮೇಜು ಬಂತು, ಕೊಳಲಿನ ಜೊತೆ ದೀಪವೂ ಬಂತು. ಇನ್ನು ನಗಾರಿ ಒಂದೇ ಬಾಕಿ. ಗೂಡಿನಲ್ಲಿ ಪರದೆಯವನು ಅಂಗೈಗೆ ಉಗುಳಿ ಹಗ್ಗ ಹಿಡಿದ ಸದ್ದು ಮೇಸ್ತ್ರಿಗೆ ಕೇಳಿಸಿತು. ಆ ಒಂದು ಕ್ಷಣದಲ್ಲಿ ಅವನಿಗೆ ಕೊಡೆಗಳು ಕಂಡವು, ಸಾಲು ಸಾಲು ಒದ್ದೆ ಕೊಡೆಗಳು, ನಡುವೆ ಒಂದು ಒಳ್ಳೆಯ ಕುರ್ಚಿ.

ಪರದೆಯ ಅಂಚು ನೆಲಕ್ಕೆ ಪೂರಾ ತಾಗುವುದಿಲ್ಲ. ಆ ಸಂದಿನಲ್ಲಿ ಬೀರಿನ ಕಾಲುಗಳು ಬಂದು ನಿಲ್ಲುವುದನ್ನು ಕಡ್ಡಿಯಮ್ಮ ದಿನವೂ ನೋಡಿಕೊಂಡೇ ನಗಾರಿಗೆ ಸನ್ನೆ ಮಾಡುತ್ತಿದ್ದಳು. ಅಂದು ಬೀರಿನ ಕಾಲು ಬರಲಿಲ್ಲ. ಒಂದು ಅಂಗೈ ನೆಲಕ್ಕೆ ಊರಿದ್ದು ಕಂಡಿತು. ಅಷ್ಟರಲ್ಲೇ ನಗಾರಿಯವನು ಕೋಲು ಎತ್ತಿದ್ದ. ಆಕೆ ಅವನ ಕಡೆ ಎಡಗೈ ಅಡ್ಡ ಹಿಡಿದು, ಬಲಗೈಯ ಕಡ್ಡಿಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. ಮತ್ತೆ ಮೊದಲಿನಿಂದ. ವಾದ್ಯದವರು ಕಣ್ಣು ಕಣ್ಣು ಬಿಟ್ಟರು. ಅಜ್ಜ ಮಾತ್ರ ದೊಡ್ಡ ಪಿಟೀಲನ್ನು ನರಳಿಸಲು ಶುರುಮಾಡಿದ. ಉದ್ದ, ಗಿಡ್ಡ. ಈ ಸಲ ಇನ್ನೂ ನಿಧಾನ.

ಬೀರಿನ ಕೆಳಗೆ ಮೇಸ್ತ್ರಿಗೆ ಅದು ಕೇಳಿಸಿತು. ಹೆಂಡತಿಯ ತಮ್ಮ ಓಡಿಬಂದು ಬೀರಿಗೆ ಹೆಗಲು ಕೊಟ್ಟ. ಈ ಬಾರಿ ಮೇಸ್ತ್ರಿ "ಕೈ ತೆಗಿ" ಅನ್ನಲಿಲ್ಲ. ಎದ್ದ. ಎಡಗಾಲು ಇಟ್ಟ, ಬಲಗಾಲು ಎಳೆದ. ಸಂಗೀತ ಅವನ ಪಕ್ಕದಲ್ಲೇ, ಅವನಷ್ಟೇ ತಡವರಿಸುತ್ತ ಬಂತು. ಬೀರು ಗೋಡೆಗೆ ಸೇರಿತು, ನಗಾರಿ ಗುಡುಗಿತು, ಪರದೆ ಎದ್ದಿತು. ಕೋಣೆ ಕೋಣೆಯಾಗಿಯೇ ಇತ್ತು.

ಆದರೆ ಒಂದೇ ಸಂಗೀತ ಎರಡೆರಡು ಸಲ ಕೇಳಿದ್ದನ್ನು ಜನ ಗಮನಿಸದೆ ಇರುತ್ತಾರೆಯೇ? ಪರದೆಯ ಆಚೆ ಗುಸುಗುಸು ಎದ್ದಿತ್ತು. "ಹಗ್ಗ ಸಿಕ್ಕಿಹಾಕ್ಕೊಂಡಿರ್ಬೇಕು" ಎಂದು ಯಾವನೋ ಗಟ್ಟಿಯಾಗಿಯೇ ಹೇಳಿದ್ದ. ಧಣಿಯ ಪಕ್ಕದ ದೊಡ್ಡ ಮನುಷ್ಯರು ಎರಡು ಸಲ ಆಕಳಿಸಿದ್ದರು. ನಾಟಕ ಮುಗಿದದ್ದೇ ಧಣಿ ವೇದಿಕೆಗೆ ಬಂದರು. ಆಳುಗಳು, ನಟರು, ವಾದ್ಯದವರು ಎಲ್ಲ ಅಲ್ಲೇ ಇದ್ದರು.

"ಏನಮ್ಮ ಅದು? ಅರ್ಧ ದಾರೀಲಿ ಹಿಂದಕ್ಕೆ ಹೋಗೋದು?"

ಕಡ್ಡಿಯಮ್ಮ ಬೀರಿನ ಕಡೆ ನೋಡಲಿಲ್ಲ. "ನನ್ನ ತಪ್ಪು. ಎಲ್ಲಿದ್ದೀನಿ ಅನ್ನೋದು ಮರೆತುಹೋಯ್ತು."

"ಮರೆತುಹೋಯ್ತಾ! ಅಷ್ಟು ಜನರನ್ನ ನಡೆಸೋರಿಗೆ ಮರೆವು ಬಂದ್ರೆ ಹೇಗೆ? ದೊಡ್ಡವರ ಮುಂದೆ ನನ್ನ ಮಾನ ಹೋಯ್ತು. ನೀವು ಈ ನಾಟಕ ಮುಗಿಸ್ಕೊಡಿ. ಮುಂದಿನದಕ್ಕೆ ನಾನು ಬೇರೆಯವರನ್ನ ನೋಡ್ಕೋತೀನಿ."

"ಆಗಲಿ."

ಬೀರಿಗೆ ಒರಗಿ ನಿಂತ ಮೇಸ್ತ್ರಿಯ ಕಡೆ ಹೆಂಡತಿ ನೋಡಿದಳು, ಹೆಂಡತಿಯ ತಮ್ಮ ನೋಡಿದ, ಅಜ್ಜ ನೋಡಿದ. ಕ್ಷೌರಿಕನ ಮೇಲೆ, ಬಸ್ಸಿನವನ ಮೇಲೆ, ಮಳೆಯ ಮೇಲೆ, ಮಳೆ ಬರದಿದ್ದರೆ ಬಿಸಿಲಿನ ಮೇಲೆ ಬಾಯಿ ಮಾಡಿದ ಮನುಷ್ಯ. ಬಾಯಿ ತೆರೆದ. ಎಲ್ಲರೂ ಕಾದರು.

"ಈ ಬೀರಿನ ಬಾಗಿಲು ಕಿರ್ ಅನ್ನುತ್ತೆ ಧಣಿ" ಎಂದ. "ಎಣ್ಣೆ ಬಿಡ್ಬೇಕು."

ಧಣಿ "ಬಿಡು ಮತ್ತೆ" ಎಂದು ಹೊರಟುಹೋದರು.

ಮರುದಿನದಿಂದ ಬೀರನ್ನು ಹೆಂಡತಿಯ ತಮ್ಮನೂ ಇನ್ನೊಬ್ಬ ಆಳೂ ಹೊತ್ತರು. ಮೇಸ್ತ್ರಿ ಮುಂದೆ ಮುಂದೆ ದಾರಿ ತೋರಿಸುತ್ತ ನಡೆದ. ಆ ಇಬ್ಬರಿಗೂ ಗಟ್ಟಿ ಕಾಲುಗಳಿದ್ದವು, ಆದರೂ ಸಂಗೀತ ಹಾಗಿದ್ದುದರಿಂದ ಅವರೂ ಒಂದು ಕಾಲು ಎಳೆದುಕೊಂಡೇ ಬಂದರು. ಮೇಸ್ತ್ರಿ ಅದನ್ನು ನೋಡಿಯೂ ಬೈಯಲಿಲ್ಲ. ಸೀನು ಅವನದೇ ಉಳಿಯಿತು. ಕೊಡೆ ಕೋಣೆಗೆ ಬೇರೆ ಯಾರನ್ನೋ ಹಾಕಿದರು.

ನಾಟಕದ ಕೊನೆಯ ಪ್ರದರ್ಶನವೂ ಆಯಿತು. ಕಡ್ಡಿಯಮ್ಮ ಊರು ಬಿಡುವ ದಿನ ಮೇಸ್ತ್ರಿ ಎದ್ದವನೇ ಒಗೆದ ಅಂಗಿ ಕೇಳಿದ. ಹೆಂಡತಿ ಇಸ್ತ್ರಿ ಮಾಡಿಕೊಟ್ಟಳು. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿದ್ದುದನ್ನು ಹೂವಿನ ಅಂಗಡಿಯವಳು ನೋಡಿದ್ದಾಳೆ. ರಂಗಮಂದಿರದ ಹಿಂಬಾಗಿಲಲ್ಲಿ ಆಕೆ ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದಳು. ಮೇಸ್ತ್ರಿ ಅದನ್ನು ಕಿತ್ತುಕೊಂಡ.

"ಬೇಡ ಮೇಸ್ತ್ರಿಗಳೇ, ನಿಮ್ಮ ಮಂಡಿ..."

"ಮಂಡಿಗೇನಾಗಿದೆ? ಹುಷಾರು, ಮೆಟ್ಟಿಲು ಜಾರುತ್ತೆ."

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದರು. ಆಕೆ ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಧಾನಕ್ಕೆ ಬಂದಳು. ಹೊಸ ಊರಿನ ಬಗ್ಗೆ ಏನೋ ಹೇಳಿದಳು, ಅವನು ಹೂಂಗುಟ್ಟಿದ. ಪೆಟ್ಟಿಗೆ ಮೇಲೆ ಹಾಕಿ ಹಗ್ಗ ಬಿಗಿದ. ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ. ಡ್ರೈವರು ಚಹಾ ಕುಡಿಯಲು ಹೋಗಿದ್ದ. ಆಕೆ ಕಿಟಕಿಯ ಗಾಜು ಸರಿಸಿ, ಕೈ ಹೊರಗಿಟ್ಟು, ಅವನ ಕಡೆಗೇ ನೋಡುತ್ತ ಕೂತಳು. ಅವಸರವೇನೂ ಇರಲಿಲ್ಲ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಆಮೇಲೆ ಬಸ್ಸಿನ ಹಿಂದಕ್ಕೆ ಹೋಗಿ, ಚೀಟಿ ಕೊಡುವವನನ್ನು ಹಿಡಿದು, ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದೆ, ಜನರ ಜೀವಕ್ಕೆ ಬೆಲೆ ಇಲ್ಲವೇ ಎಂದು ಚೆನ್ನಾಗಿ ತರಾಟೆಗೆ ತೆಗೆದುಕೊಂಡ. ಆ ಜಗಳ ಮುಗಿಯುವಷ್ಟರಲ್ಲಿ ಡ್ರೈವರು ಬಂದ.

ಮನೆಯಲ್ಲಿ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಹೇಳಿದ್ರಾ?"

"ಏನು?"

"ಹೇಳ್ಬೇಕಾಗಿದ್ದನ್ನ."

"ಎಲ್ಲಿ ಹೇಳೋದು! ಬಸ್ಸು ಹೊರಟೇಬಿಡ್ತು."